ಚಟಾಕಿಗಿಂತ ಸಣ್ಣದು

ಅಕ್ಕಲಕೋಟಿ ದವಾಖಾನಿ ಕಾಂಟಾ ನನ್ನ ತೂಗಲಿಲ್ಲ.
ಮುಳ್ಳು ಕೊನೀತನಕ ಓಡಿ
ಗ್ವಾಡಿಗೆ ಹಾದಂಗ ನಿಂತುಬಿಡ್ತು.
ಆಪರೇಶನ್ ಕಾಗದದಾಗ ತೂಕ ಬೇಕೇ ಬೇಕು.
ಇವರು ನನ್ನ ಅಡತಿ ಅಂಗಡಿಗೆ ಕರಕೊಂಡು ಹೋದ್ರು,
ತೊಗರಿ ತೂಗೋ ಕಾಂಟಾಕ್ಕ.
ಹಮಾಲ ಲಾಲಸಾಬ ಚೀಲ ಇಳಿಸಿ, ಧೂಳ ಝಾಡಿಸಿ,
"ನಿಲ್ರಿ ಬಾಯಿ" ಅಂದು ಆ ಕಡೆ ಮಾರಿ ತಿರುವಿದ.
ಅಂವ ನೋಡಲಾರದ್ದಕ್ಕೇ ನಾಚಿಕಿ ಹೆಚ್ಚಾತು.
ಒಂದು ಕ್ವಿಂಟಲ್, ಮ್ಯಾಲ ಮೂವತ್ತೊಂದು ಕಿಲೋ.
ಮುನೀಮ ಮರಾಠಿಯೊಳಗ ಚೀಟಿ ಬರದ.
ರೂಢಿ ಕೈ, ಬಾಜೂಕ ದರಾನೂ ಬರೀಲಿಕ್ಕೆ ಹೋಗಿ
ತಡದ.

ಇಪ್ಪತ್ತೆರಡು ವರ್ಷ ಕಡಕ ರೊಟ್ಟಿ ಬಡದು ಮಾರಿದಾಕಿ ನಾ.
ಸೋಲಾಪುರದ ಖಾನಾವಳಿ, ಪುಣೆ ಬಸ್ಸಿನ ಡಬ್ಬಿ,
ಎಲ್ಲೆಲ್ಲೋ ಹೋಗ್ಯಾವ ನನ್ನ ಅಂಗೈ ಗುರ್ತು.
ಮುರದದ್ದು, ಸುಟ್ಟದ್ದು, ಡೊಂಕಾದದ್ದು ಯಾರಿಗೆ?
"ನಿನಗೇ" ಅಂತಿತ್ತು ಹೊಟ್ಟಿ.
ಶೇಂಗಾ ಹಿಂಡಿ, ಮ್ಯಾಲ ಎಣ್ಣಿ.
ಚೆಲ್ಲಿದರ ಪಾಪ ಅಂತಿದ್ಳು ಅವ್ವ.
ಊರ ಪಾಪೆಲ್ಲಾ ನಾನೇ ತಿಂದೆ.

ಕೊಯ್ಯೋ ಮುಂದ ಹದಿನೈದು ದಿನ ಬರೇ ನೀರ್ನೀರು.
ಪಥ್ಯ ಹೇಳೋ ಹುಡುಗಿ "ಯಕೃತ" ಅಂದ್ಳು, ತಿಳೀಲಿಲ್ಲ;
ನನ್ನ ಬಲಪಕ್ಕಡಿ ಮುಟ್ಟಿ, ಬೆರಳು ಕೂಡಿಸಿ,
ಇದು ಇಷ್ಟು ಸಣ್ಣಾಗಬೇಕು ಅಂತ ತೋರಿಸಿದ್ಳು.
ಒಲಿ ಆರಿಸಿದ್ರ ಬ್ಯಾಂಕಿನ ಹಪ್ತೆ ಯಾರು ತುಂಬಬೇಕು?
ನಾದಿದೆ, ಬಡದೆ, ಬೇಸಿದೆ.
ಬೆರಳಿಗೆ ಅಂಟಿದ್ದು ನೆಕ್ಕಲಿಲ್ಲ.
ಒಂದ ಸರ್ತಿ ನೆಕ್ಕಿದೆ. ಬರಕೋರಿ.

ಬಾಜೂಮನಿಯವರಿಗೆ ಪಿತ್ತಕೋಶದಾಗ ಹಳ್ಳು ಅಂತ ಹೇಳೀವಿ.
ಹಳ್ಳಂದ್ರ ಅಯ್ಯೋ ಅಂತಾರ.
ಬೊಜ್ಜಂದ್ರ, ಒಳಗ ಹೋಗಿ ನಗತಾರ.

ಐದು ತೂತು, ಐದಕ್ಕೂ ಪಟ್ಟಿ.
ಹೊಟ್ಟಿಗೆ ಊದಿದ ಗಾಳಿ ಎಡಹೆಗಲಿಗೇರಿ ಕುಂತದ,
ಬಾಡಿಗಿ ಕೊಡದ ಬಿಡಾರದವರಂಗ.
ಮೂರು ಗುಂಡಿನ ಪ್ಲಾಸ್ಟಿಕ್ ಆಟಿಗಿ, ಉಸಿರು ಒಳಗ ಜಗ್ಗಬೇಕು;
ಎರಡು ಏಳ್ತಾವ, ಮೂರನೇದು ನನ್ನಂಥಾದ್ದು.
ಮೈದುನನ ಸಣ್ಣ ಹುಡುಗ ಕಸಗೊಂಡು
ಮೂರೂ ಏರಿಸಿ ಕುಣೀತಾನ.

ಕುಡಿಯೋದು ಮೂವತ್ತು ಎಂಎಲ್ ಕಪ್ಪಿನಾಗ.
ಹದಿನೈದು ಮಿನಿಟಿಗೊಮ್ಮೆ ಮಗಳು ವರ್ಷಾನ ಮೊಬೈಲು ಒದರತದ,
ಒಂದು ಗುಟುಕು, ತುಟಿ ಒರಸಿಕೋ, ಕಾಯಿ.
ಶೇರು, ಅಡಸೇರು, ಪಾವು, ಚಟಾಕು,
ಅಜ್ಜಿ ಕಲಿಸಿದ ಲೆಕ್ಕ ಅಲ್ಲಿಗೇ ಮುಗೀತಿತ್ತು.
ಇದು ಅದಕಿಂತ ಸಣ್ಣದು,
ಇದಕ್ಕ ನಮ್ಮ ಮನ್ಯಾಗ ಹೆಸರಿಲ್ಲ.

ಕತ್ತರಿಸಿದ್ದು ಏನು ಮಾಡಿದ್ರಿ ಅಂತ ಡಾಕ್ಟರಿಗೆ ಕೇಳಿದ್ದೆ.
ತಪಾಸಣಿಗೆ ಕಳಿಸೀವಿ ಅಂದ್ರು.
ಏನು ಸಿಕ್ಕಿರಬೇಕು ಅದರಾಗ ಅವರಿಗೆ?
ಹನ್ನೊಂದನೇ ವರ್ಷದ ಒಂದು ರಾತ್ರಿ,
ಪಂಕ್ತಿಯಿಂದ ಎಬ್ಬಿಸಿದ್ದು, "ಮತ್ತ ಬಂದಿ ಏನು?" ಅಂದದ್ದು,
ಅದು ಇರಬೇಕು, ಇನ್ನೂ ಕರಗದs.

ರಾತ್ರಿ ಲೈಟ್ ಹಚ್ಚದ ಅಡಗಿಮನ್ಯಾಗ ಇವರು ಉಣ್ತಾರ,
ನನ್ನ ಕಣ್ಣಿಗೆ ಬೀಳಬಾರದಂತ.
ಕಟ್!
ಕಡಕ ರೊಟ್ಟಿ ಕಳುವಿನಿಂದ ತಿನ್ನಲಿಕ್ಕೆ ಬರಂಗಿಲ್ಲ.
ತಡೀತಾರ. ಮತ್ತ, ಹಗೂರಕ್ಕ, ಕಟ್.
"ಇಲ್ಲೇ ಬಂದು ಉಣ್ರಿ" ಅಂದೆ.
ತಾಟು ಹಿಡದು ಬಂದು, ಹಾಸಿಗಿ ಕಡೆ ಬೆನ್ನು ಮಾಡಿ ಕುಂತ್ರು.
ನಗಬಾರದು, ಹೊಲಗಿ ಜಗ್ಗತಾವ.

ಎಂಟನೇ ವಾರ ಬಳಿ ತಾವೇ ಜಾರಿ ಬಿದ್ವು.
ಬಾಚಣಿಗಿ ತುಂಬ ಕೂದಲ.
ಅವತ್ತ ನನ್ನದೇ ರೊಟ್ಟಿ, ಬೆರಳಿನ ಉಗರಷ್ಟು,
ಮಜ್ಜಿಗ್ಯಾಗ ನೆನಸಿ ಬಾಯಾಗ ಇಟ್ಟೆ.
ಮೂವತ್ತು ಸಲ ಅಗೀರಿ ಅಂದಿದ್ಳು ಆ ಹುಡುಗಿ.
ಹತ್ತಕ್ಕ ಜೋಳದ ವಾಸನಿ.
ಇಪ್ಪತ್ತಕ್ಕ ಕಟ್ಟಿಗಿ ಹೊಗಿ.
ಇಪ್ಪತ್ತಾರಕ್ಕ ತಿಳೀತು,
ಉಪ್ಪು ಕಡಿಮಿ.
ಇಷ್ಟು ವರ್ಷ, ಇಷ್ಟು ಮಂದಿ ತಿಂದ್ರು,
ಒಬ್ಬರೂ ಹೇಳಿದ್ದಿಲ್ಲ.